ವಾರಕ್ಕೊಂದು ಹೊಸ ಬಗೆಯ ಸುಡೊಕು ಕೊಡಿ, ಅದರ ನಿಯಮ ಕನ್ನಡದಲ್ಲಿ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಸುಡೊಕುವನ್ನು ಹನ್ನೊಂದು ವರ್ಷದಿಂದ ಒಂದು ದಿನವೂ ಬಿಡದೆ ಬಿಡಿಸುತ್ತಿದ್ದೇನೆ. ಮಂಡ್ಯದಲ್ಲಿ ಬೆಳಗಿನ ರೈಲು ಹತ್ತಿ ಸೀಟು ಸಿಕ್ಕ ಕೂಡಲೇ ಪೇಪರನ್ನು ನಾಲ್ಕಾಗಿ ಮಡಚಿ ತೊಡೆ ಮೇಲೆ ಇಟ್ಟುಕೊಳ್ಳುತ್ತೇನೆ. ಶುರುವಿನಲ್ಲಿ ಕೆಂಗೇರಿಯಲ್ಲಿ ಇಳಿಯುವವರೆಗೂ ಅದು ಸಾಕಾಗುತ್ತಿತ್ತು, ಎಷ್ಟೋ ಸಲ ಸಂಜೆಯ ರೈಲಿಗೂ ಉಳಿಯುತ್ತಿತ್ತು. ಈಗ ಮದ್ದೂರು ಬರುವ ಹೊತ್ತಿಗೆ ಮುಗಿದೇ ಹೋಗುತ್ತದೆ. 'ಕಠಿಣ' ಅಂತ ಮೇಲೆ ಬರೆದ ದಿನವೂ ಅಷ್ಟೇ. ನಾನು ಬುದ್ಧಿವಂತೆ ಅಂತ ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಹತ್ತು ವರ್ಷ ದಿನಾ ಒಂದೇ ದಾರಿಯಲ್ಲಿ ನಡೆದರೆ ಯಾರಿಗಾದರೂ ಕಣ್ಣು ಮುಚ್ಚಿಕೊಂಡು ನಡೆಯಲು ಬರುತ್ತದೆ. ನಮ್ಮ ಬೋಗಿಯಲ್ಲೇ ನನ್ನಂಥವರು ಐದಾರು ಜನ ಇದ್ದಾರೆ. ನಿಮ್ಮ ಓದುಗರಲ್ಲಿ ಇನ್ನೆಷ್ಟು ಜನ ಇರಬಹುದು, ನೀವೇ ಯೋಚಿಸಿ.

ಅವರೆಲ್ಲರ ಪರವಾಗಿ ಒಂದು ಮಾತು ಕೇಳುತ್ತೇನೆ. ದಿನದ ಸಾದಾ ಸುಡೊಕು ಇರುವ ಹಾಗೇ ಇರಲಿ, ಅದನ್ನು ತೆಗೆಯಬೇಡಿ. ಹೊಸಬರಿಗೆ ಅದು ಬೇಕು. ಆದರೆ ವಾರಕ್ಕೆ ಒಂದು ದಿನ, ಭಾನುವಾರದ ಪುರವಣಿಯಲ್ಲಿ ಆದರೂ ಸರಿ, ಪಳಗಿದ ಕೈಗಳಿಗೆ ಅಂತ ಬೇರೆ ಬಗೆಯ ಒಂದು ಸುಡೊಕು ಹಾಕಿ. ಅದರ ನಿಯಮವನ್ನು ಒಳ್ಳೆಯ ಕನ್ನಡದಲ್ಲಿ ಬರೆದು ಹಾಕಿ. ಈ ಎರಡನೆಯದೇ ನನಗೆ ಮುಖ್ಯ. ಯಾಕೆ ಅಂತ ಹೇಳುತ್ತೇನೆ.

ಸಾದಾ ಸುಡೊಕುಗೆ ಭಾಷೆಯೇ ಬೇಡ. ಒಂಬತ್ತು ಸಾಲು, ಒಂಬತ್ತು ಕಾಲಂನ ಚೌಕ, ಅದರಲ್ಲಿ 81 ಖಾನೆ, ಅಂದರೆ ಮನೆ. ಕೆಲವು ಮನೆಯಲ್ಲಿ ಅಂಕಿ ಮೊದಲೇ ಕೊಟ್ಟಿರುತ್ತಾರೆ, ಉಳಿದವನ್ನು ನಾವು ತುಂಬಬೇಕು. ಸಾಲಿನಲ್ಲಿ, ಕಾಲಂನಲ್ಲಿ, 3×3 ಬಾಕ್ಸ್‌ನಲ್ಲಿ 1ರಿಂದ 9 ಒಂದೊಂದೇ ಸಲ ಬರಬೇಕು ಅನ್ನುವುದು ಒಮ್ಮೆ ಗೊತ್ತಾದರೆ ಮುಗಿಯಿತು, ಆಮೇಲೆ ಯಾವ ದೇಶದ ಪೇಪರ್ ಆದರೂ ಒಂದೇ. ಆದರೆ ಹೊಸ ಬಗೆಗಳಲ್ಲಿ ಪ್ರತಿಯೊಂದಕ್ಕೂ ಒಂದು ಹೆಚ್ಚಿನ ನಿಯಮ ಇರುತ್ತದೆ. ಆ ನಿಯಮವನ್ನು ಮಾತಿನಲ್ಲೇ ಹೇಳಬೇಕು. ಇವತ್ತು ಆ ಮಾತು ನಮಗೆ ಸಿಗುವುದು ಬಹುತೇಕ ಇಂಗ್ಲಿಷಿನಲ್ಲಿ ಮಾತ್ರ. ಹಾಗಾಗಿ ಲೆಕ್ಕದಲ್ಲಿ ಎಷ್ಟೇ ಚುರುಕು ಇದ್ದರೂ ಇಂಗ್ಲಿಷ್ ಬಾರದ ನಮ್ಮ ಜನ ಬಾಗಿಲ ಹೊರಗೇ ನಿಂತುಬಿಡುತ್ತಾರೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಚನ್ನಪಟ್ಟಣದಲ್ಲಿ ಒಬ್ಬರು ಹಿರಿಯರು ಹತ್ತುತ್ತಾರೆ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಹತ್ತಿದ ಕೂಡಲೇ "ಏನಮ್ಮ, ಇವತ್ತಿಂದೂ ಮುಗೀತಾ?" ಅಂತ ಕೇಳಿ ಪೇಪರ್ ಇಸಕೊಂಡು ನಾನು ಎಲ್ಲಾದರೂ ತಪ್ಪಿದ್ದೇನಾ ಅಂತ ನೋಡುತ್ತಾರೆ. ರಾಮನಗರದಲ್ಲಿ ಹತ್ತುವ ಕಾಲೇಜು ಹುಡುಗನೊಬ್ಬ ಒಂದು ದಿನ ತನ್ನ ಫೋನಿನಲ್ಲಿ 'ಕಿಲ್ಲರ್ ಸುಡೊಕು' ತೋರಿಸಿದ. ಚೌಕ ಪೂರ್ತಿ ಖಾಲಿ, ಒಂದು ಅಂಕಿಯನ್ನೂ ಕೊಟ್ಟಿಲ್ಲ. ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಹಿರಿಯರು ಫೋನ್ ನೋಡಿ, ಏನೂ ಹೇಳದೆ, ವಾಪಸ್ ಕೊಟ್ಟರು. ನಾನು ಅದನ್ನು ಪೇಪರಿನ ಅಂಚಿನಲ್ಲಿ ಕನ್ನಡದಲ್ಲಿ ಬರೆದೆ: "ಚುಕ್ಕೆಗೆರೆ ಒಂದಷ್ಟು ಮನೆಗಳನ್ನು ಸೇರಿಸಿ ಗುಂಪು ಮಾಡಿದೆ. ಗುಂಪಿನ ಮೂಲೆಯಲ್ಲಿ ಇರುವುದು ಆ ಮನೆಗಳ ಅಂಕಿಗಳ ಮೊತ್ತ. ಒಂದು ಗುಂಪಿನೊಳಗೆ ಒಂದು ಅಂಕಿ ಎರಡು ಸಲ ಬರುವಂತಿಲ್ಲ. ಉಳಿದದ್ದು ಮಾಮೂಲಿ ಸುಡೊಕು." ಅಷ್ಟೇ.

ಓದಿದ ಮೇಲೆ ಅವರು ಎರಡು ಮನೆಯ ಒಂದು ಗುಂಪಿನ ಮೇಲೆ ಬೆರಳಿಟ್ಟರು. ಅಲ್ಲಿ 17 ಅಂತ ಇತ್ತು. "ಎಂಟೂ ಒಂಬತ್ತೂ. ಬೇರೆ ಏನು ಬಂದೀತು?" ಅಂದರು. ಪಕ್ಕದಲ್ಲಿ ಮೂರು ಮನೆಗೆ 7. "ಒಂದು, ಎರಡು, ನಾಲ್ಕು." ಮೂವತ್ತು ವರ್ಷ ಚಿಲ್ಲರೆ ಎಣಿಸಿದ ಬಾಯಿಗೆ ಮೊತ್ತ ಒಡೆಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆಮೇಲೆ ನಾನು ಒಂದೇ ಒಂದು ವಿಷಯ ಹೇಳಿಕೊಟ್ಟೆ. 1ರಿಂದ 9ರವರೆಗೆ ಕೂಡಿದರೆ 45, ಹಾಗಾಗಿ ಯಾವ ಸಾಲು, ಯಾವ ಕಾಲಂ, ಯಾವ ಬಾಕ್ಸ್ ಕೂಡಿದರೂ 45. ಆ ಬಾಕ್ಸ್‌ನಲ್ಲಿ ಎರಡು ಮನೆಯ 17, ಮೂರು ಮನೆಯ 7, ಉಳಿದ ನಾಲ್ಕು ಮನೆಯನ್ನು ಪಕ್ಕದ ಬಾಕ್ಸ್‌ನ ಒಂದು ಮನೆಯ ಜೊತೆ ಸೇರಿಸಿ 25. ಮೂರನ್ನೂ ಕೂಡಿದರೆ 49. ಬಾಕ್ಸ್‌ಗೆ ಸೇರಬೇಕಾದ್ದು 45. ಹೆಚ್ಚಿಗೆ ಬಂದ 4 ಎಲ್ಲಿಯದು? ಹೊರಗೆ ಚಾಚಿದ ಆ ಒಂದು ಮನೆಯದು. ಒಂದು ಅಂಕಿಯೂ ಕೊಡದ ಚೌಕದಲ್ಲಿ ಮೊದಲ ಅಂಕಿ ಹೀಗೆ ಬಂದು ಕೂತಿತು. ಹಿರಿಯರು ಕಿಟಕಿ ಕಡೆ ತಿರುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಟ್ರಿಪ್ ಶೀಟ್ ತಾಳೆ ನೋಡಿದ ಹಾಗೇ ಆಯ್ತಲ್ಲಮ್ಮ" ಅಂದರು. ಬಿಡದಿ ಯಾವಾಗ ದಾಟಿತೋ ನಮಗಿಬ್ಬರಿಗೂ ಗೊತ್ತಾಗಲಿಲ್ಲ.

ಈಗ ಅವರು ದಿನಾ ಕೇಳುತ್ತಾರೆ, ಇನ್ನೊಂದು ಬರೆದುಕೊಡು ಅಂತ. ನಾನು ಬರೆದುಕೊಡುತ್ತೇನೆ. ಆದರೆ ಒಬ್ಬರಿಗೆ ಒಬ್ಬಳು ಬರೆದುಕೊಟ್ಟರೆ ಆಯಿತಾ? ಇದು ಪತ್ರಿಕೆ ಮಾಡಬೇಕಾದ ಕೆಲಸ ಅಲ್ವಾ?

'ಕಠಿಣ' ಅನ್ನುವ ಮಾತಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ನಮ್ಮ ಪತ್ರಿಕೆಗಳಲ್ಲಿ ಕಠಿಣ ಅಂದರೆ ಕೊಟ್ಟ ಅಂಕಿ ಕಡಿಮೆ ಅಂತ ಅರ್ಥ ಆಗಿಬಿಟ್ಟಿದೆ. ಅದು ಸರಿಯಲ್ಲ. ಒಂದೇ ಉತ್ತರ ಬರಬೇಕಾದರೆ ಕನಿಷ್ಠ 17 ಅಂಕಿ ಕೊಡಲೇಬೇಕು, 16 ಕೊಟ್ಟು ಆಗುವುದಿಲ್ಲ ಅಂತ ಡಬ್ಲಿನ್‌ನ ಗಣಿತಜ್ಞ ಗ್ಯಾರಿ ಮೆಗ್ವಾಯರ್ ಅವರ ತಂಡ 2012ರಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸಿತು. ಆದರೆ 17 ಅಂಕಿಯ ಸುಡೊಕುಗಳಲ್ಲಿ ಎಷ್ಟೋ ಸುಲಭವಾಗಿ ಬಿಡಿಸಿಕೊಳ್ಳುತ್ತವೆ. 25 ಅಂಕಿ ಕೊಟ್ಟೂ ಬೆವರಿಳಿಸುವಂಥವು ಇವೆ. ಮಾಮೂಲಿ ಸುಡೊಕುವನ್ನು ತೀರಾ ಕಷ್ಟ ಮಾಡಲು ಹೋದರೆ ಕೊನೆಗೆ ಆಗುವುದು ಏನೆಂದರೆ, ಪ್ರತಿ ಮನೆಯಲ್ಲೂ ಸಣ್ಣ ಸಣ್ಣ ಅಂಕಿ ಬರೆದುಕೊಂಡು, ಒಂದನ್ನು ಹಿಡಿದು ಅದು ಸರಿ ಅಂದುಕೊಂಡು ಹೊರಟು, ಇಪ್ಪತ್ತು ಮನೆ ತುಂಬಿದ ಮೇಲೆ ಎಲ್ಲೋ ಡಿಕ್ಕಿಯಾಗಿ, ಮತ್ತೆ ಮೊದಲಿಂದ ಅಳಿಸುತ್ತಾ ಕೂರುವುದು. ಅದರಲ್ಲಿ ಶ್ರಮ ಇದೆ, ಸುಖ ಇಲ್ಲ. ಹೊಸ ಬಗೆಗಳಲ್ಲಿ ಕಷ್ಟವೇ ಬೇರೆ ಥರ. ಅಲ್ಲಿ ಯೋಚನೆಯ ದಾರಿಯೇ ಹೊಸದು.

ಒಂದು ಉದಾಹರಣೆ ಕೊಡುತ್ತೇನೆ, ಇದು ನನಗೆ ತುಂಬಾ ಇಷ್ಟ. ಇಂಗ್ಲಿಷಿನಲ್ಲಿ 'ಜರ್ಮನ್ ವಿಸ್ಪರ್ಸ್' ಅನ್ನುತ್ತಾರೆ, ನಾವು ಬೇಕಾದರೆ 'ಪಿಸುಗೆರೆ' ಅನ್ನೋಣ. ಚೌಕದೊಳಗೆ ಮನೆಯಿಂದ ಮನೆಗೆ ಒಂದು ಗೆರೆ ಹರಿದಿರುತ್ತದೆ. ಗೆರೆಯ ಮೇಲೆ ಅಕ್ಕಪಕ್ಕ ಬರುವ ಎರಡು ಅಂಕಿಗಳ ನಡುವೆ ಕನಿಷ್ಠ 5 ಅಂತರ ಇರಬೇಕು. ನಿಯಮ ಇಷ್ಟೇ. ಈಗ ನೋಡಿ ಇದರಿಂದ ಏನೇನು ಹುಟ್ಟುತ್ತದೆ ಅಂತ. 5 ಗೆರೆಯ ಮೇಲೆ ಬರುವಂತೆಯೇ ಇಲ್ಲ, ಅದರ ಪಕ್ಕ ಕೂರಲು 0 ಬೇಕು ಇಲ್ಲವೇ 10 ಬೇಕು. ಉಳಿದವು ಒಂದು ಸಣ್ಣದು, ಒಂದು ದೊಡ್ಡದು, ಮತ್ತೆ ಸಣ್ಣದು, ಮತ್ತೆ ದೊಡ್ಡದು ಅಂತ ಸರದಿಯಲ್ಲೇ ಹೋಗಬೇಕು. 4ರ ಪಕ್ಕ 9 ಒಂದೇ ಬರಬಹುದು. 6ರ ಪಕ್ಕ 1 ಒಂದೇ. ಹಾಗಾದರೆ ಗೆರೆಯ ನಡುವೆ ಎಲ್ಲಾದರೂ 4 ಕೂತರೆ ಅದರ ಎರಡೂ ಪಕ್ಕ 9 ಬರಬೇಕಾಯಿತು. ಆ ಎರಡು ಪಕ್ಕದ ಮನೆಗಳು ಒಂದೇ ಸಾಲಿನಲ್ಲೋ ಒಂದೇ ಬಾಕ್ಸ್‌ನಲ್ಲೋ ಇದ್ದರೆ ಎರಡು 9 ಆಗಿಬಿಡುತ್ತದೆ, ಆದ್ದರಿಂದ ಅಲ್ಲಿ 4 ಇರಲಾರದು, ಅದೇ ಕಾರಣಕ್ಕೆ 6ಕ್ಕೂ ಜಾಗ ಇಲ್ಲ. ಒಂದೂ ಅಂಕಿ ತುಂಬದೆ, ಬರೀ ಗೆರೆ ನೋಡಿ, ಇಷ್ಟೆಲ್ಲ ಹೇಳಬಹುದು. ಅರ್ಧ ಗಂಟೆ ಪೆನ್ನು ಮುಟ್ಟದೆ ಕೂತು, ಆಮೇಲೆ ಒಂದೇ ಸಲಕ್ಕೆ ಆರು ಮನೆ ತುಂಬಿದಾಗ ಸಿಗುವ ಖುಷಿಯೇ ಬೇರೆ.

ಇನ್ನೂ ಬೇಕಾದಷ್ಟಿವೆ. ಥರ್ಮಾಮೀಟರ್ ಸುಡೊಕುವಿನಲ್ಲಿ ಚೌಕದೊಳಗೆ ಥರ್ಮಾಮೀಟರ್ ಚಿತ್ರ ಇರುತ್ತದೆ, ಅದರ ಬುಡದ ಗುಂಡಿನಿಂದ ತುದಿಯವರೆಗೆ ಅಂಕಿ ಏರುತ್ತಲೇ ಹೋಗಬೇಕು. ಕುದುರೆ ಸುಡೊಕುವಿನಲ್ಲಿ ಚೆಸ್ ಕುದುರೆಯ ಒಂದು ನೆಗೆತದ ದೂರದಲ್ಲಿ ಅದೇ ಅಂಕಿ ಇರಬಾರದು. ಸ್ಯಾಂಡ್‌ವಿಚ್‌ನಲ್ಲಿ ಸಾಲಿನ ಹೊರಗೆ ಒಂದು ಸಂಖ್ಯೆ ಕೊಟ್ಟಿರುತ್ತಾರೆ, ಅದು ಆ ಸಾಲಿನ 1 ಮತ್ತು 9ರ ನಡುವೆ ಬರುವ ಅಂಕಿಗಳ ಮೊತ್ತ. ಹೊರಗೆ 35 ಇದ್ದರೆ 1 ಮತ್ತು 9 ಸಾಲಿನ ಎರಡು ತುದಿಯಲ್ಲೇ ಇವೆ ಅಂತ ತಕ್ಷಣ ಗೊತ್ತಾಗುತ್ತದೆ. 0 ಇದ್ದರೆ ಎರಡೂ ಅಂಟಿಕೊಂಡಿವೆ. ನೋಡಿ, ಪ್ರತಿಯೊಂದನ್ನೂ ಒಂದೆರಡು ವಾಕ್ಯದಲ್ಲಿ ಹೇಳಿ ಮುಗಿಸಿದೆ. ಕನ್ನಡದಲ್ಲಿ ಇದನ್ನೆಲ್ಲ ಹೇಳಲು ಆಗುವುದಿಲ್ಲ ಅಂತ ಯಾರೂ ಹೇಳಬಾರದು. ಚೌಕಾಬಾರ ಆಡುವಾಗ 'ಮನೆ' ಅನ್ನುತ್ತೇವೆ, ಇಲ್ಲೂ ಮನೆಯೇ ಸಾಕು. ಬಾಕ್ಸ್, ಕಾಲಂ ಅನ್ನುವುದು ಎಲ್ಲರ ಬಾಯಲ್ಲೂ ಇದೆ, ಅವು ಹಾಗೇ ಇರಲಿ. ದಯವಿಟ್ಟು ಪಠ್ಯಪುಸ್ತಕದ ಕನ್ನಡ ಬೇಡ. 'ಲಂಬ ಸ್ತಂಭ', 'ಉಪಚೌಕ' ಅಂತೆಲ್ಲ ಬರೆದರೆ ನಮ್ಮ ಹಿರಿಯರು ಮತ್ತೆ ಸುಮ್ಮನೆ ಪೇಪರ್ ವಾಪಸ್ ಕೊಡುತ್ತಾರೆ.

2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಮಿಚೆಲ್ ಲೀ ಎಂಬವರು ರಚಿಸಿದ ಒಂದು ಸುಡೊಕು ಪ್ರಪಂಚದ ಎಲ್ಲ ಕಡೆ ಸುದ್ದಿಯಾಯಿತು. 81 ಮನೆಯಲ್ಲಿ ಕೊಟ್ಟದ್ದು ಎರಡೇ ಅಂಕಿ, ಒಂದು 1, ಒಂದು 2. ಕುದುರೆ ನೆಗೆತದ ದೂರದಲ್ಲಿ ಅದೇ ಅಂಕಿ ಬರಬಾರದು, ಚೆಸ್ ರಾಜ ಒಂದು ಹೆಜ್ಜೆ ಇಡುವ ದೂರದಲ್ಲೂ ಬರಬಾರದು, ಮತ್ತೆ ಅಕ್ಕಪಕ್ಕದ, ಮೇಲೆ ಕೆಳಗಿನ ಮನೆಗಳಲ್ಲಿ 3-4, 7-8 ಥರ ಒಂದರ ಹಿಂದೆ ಒಂದು ಬರುವ ಅಂಕಿಗಳು ಇರಬಾರದು. ಇಂಗ್ಲೆಂಡಿನ ಸೈಮನ್ ಆಂಥನಿ ತಮ್ಮ 'ಕ್ರ್ಯಾಕಿಂಗ್ ದ ಕ್ರಿಪ್ಟಿಕ್' ಯೂಟ್ಯೂಬ್ ಚಾನೆಲ್‌ನಲ್ಲಿ ಅದನ್ನು ಬಿಡಿಸಿ ತೋರಿಸಿದರು. ಶುರುವಿನಲ್ಲಿ ಅವರೇ ನಂಬಲಿಲ್ಲ. ಬಿಡಿಸುತ್ತಾ ಹೋದಂತೆ ಅವರ ಮುಖ ಅರಳುವುದನ್ನು ನೋಡಬೇಕು. ಸುಡೊಕು ಬಗ್ಗೆ ಏನೂ ಗೊತ್ತಿಲ್ಲದ ನಮ್ಮ ಮನೆಯವರೂ ಅದನ್ನು ಕೊನೆವರೆಗೆ ನೋಡಿದರು.

ಇನ್ನೊಂದು ವಿಷಯ ಹೇಳದೆ ಇರಲಾರೆ. ಇದನ್ನು ನೀವು ನಿಮ್ಮದೇ ಪತ್ರಿಕೆಯ ನಿನ್ನೆಯ ಉತ್ತರದಲ್ಲಿ ಪರೀಕ್ಷೆ ಮಾಡಬಹುದು, ಯಾವ ದಿನದ್ದು ಆದರೂ ಸರಿ. ನಡುವಿನ ಬಾಕ್ಸ್‌ನ ಸುತ್ತ ಒಂದು ಉಂಗುರದ ಹಾಗೆ 16 ಮನೆ ಬರುತ್ತವೆ, ಅವುಗಳಿಗೆ ಗುರುತು ಹಾಕಿ. ಆಮೇಲೆ ಇಡೀ ಚೌಕದ ನಾಲ್ಕು ಮೂಲೆಯಲ್ಲಿ 2×2ರಂತೆ ನಾಲ್ಕು ನಾಲ್ಕು ಮನೆ, ಅವೂ 16. ಉಂಗುರದಲ್ಲಿ ಯಾವ ಯಾವ ಅಂಕಿ ಎಷ್ಟೆಷ್ಟು ಸಲ ಇದೆಯೋ ಮೂಲೆಗಳಲ್ಲೂ ಅದೇ ಅಂಕಿಗಳು ಅಷ್ಟಷ್ಟೇ ಸಲ ಇರುತ್ತವೆ. ಯಾವ ಸುಡೊಕು ತೆಗೆದುಕೊಂಡರೂ ಹೀಗೇ. ಫಿಸ್ಟೊಮೆಫೆಲ್ ಎಂಬ ಅಡ್ಡಹೆಸರಿನ ಜರ್ಮನ್ ಸುಡೊಕು ರಚನಕಾರರ ಹೆಸರಿನಿಂದ ಈ ಉಂಗುರವನ್ನು ಕರೆಯುತ್ತಾರೆ. ಕಾರಣ ತುಂಬಾ ಸರಳ. 3ನೇ ಸಾಲು, 7ನೇ ಸಾಲು, ಮತ್ತೆ ನಡುವಿನ ಬಾಕ್ಸ್‌ನ ಎಡಬಲದ ಎರಡು ಬಾಕ್ಸ್ ತೆಗೆದುಕೊಳ್ಳಿ. ನಾಲ್ಕರಲ್ಲೂ 1ರಿಂದ 9 ಒಂದೊಂದು ಸಲ ಇವೆ. ಹಾಗೇ 1, 2, 8, 9ನೇ ಕಾಲಂಗಳು, ಅವೂ ನಾಲ್ಕು. ಅಂದರೆ ಎರಡೂ ಕಡೆ ಒಂದೇ ಸರಕು. ಎರಡಕ್ಕೂ ಸೇರಿದ ಮನೆಗಳು 20 ಇವೆ, ಅವನ್ನು ಎರಡೂ ಕಡೆಯಿಂದ ತೆಗೆದುಬಿಡಿ. ಒಂದು ಕಡೆ ಉಂಗುರ ಉಳಿಯುತ್ತದೆ, ಇನ್ನೊಂದು ಕಡೆ ಮೂಲೆಗಳು. ನಾನು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡುವವಳು. ಎರಡು ರಿಜಿಸ್ಟರ್ ತಾಳೆ ಹಾಕುವಾಗ ಎರಡರಲ್ಲೂ ಇರುವುದನ್ನು ಹೊಡೆದುಹಾಕುತ್ತಾ ಹೋಗುತ್ತೇವಲ್ಲ, ಅದೇ ಕೆಲಸ ಇದು. ಇಷ್ಟು ವರ್ಷ ದಿನಾ ಬಿಡಿಸಿದ ಚೌಕದೊಳಗೆ ಇಂಥದೊಂದು ಇತ್ತು ಅಂತ ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಳೇ ಪೇಪರ್ ರಾಶಿಯಿಂದ ಒಂದೊಂದೇ ತೆಗೆದು ಎಣಿಸಿ ನೋಡಿದೆ. ಎಲ್ಲದರಲ್ಲೂ ಸರಿ ಬಂತು.

ಇಂಥ ಸುಡೊಕು ಎಲ್ಲಿಂದ ತರುವುದು ಅಂತ ನೀವು ಕೇಳಬಹುದು. ಪತ್ರಿಕೆಗಳಿಗೆ ಈಗ ಬರುವವು ಬಹುತೇಕ ಕಂಪ್ಯೂಟರ್ ಹುಟ್ಟಿಸಿದವು. ಅದಕ್ಕೆ ಒಂದು ಹಿನ್ನೆಲೆ ಇದೆ. ಅಮೆರಿಕದ ಇಂಡಿಯಾನಾದ ಹೊವಾರ್ಡ್ ಗಾರ್ನ್ಸ್ ಎಂಬ ನಿವೃತ್ತ ಆರ್ಕಿಟೆಕ್ಟ್ ರಚಿಸಿದ ಈ ಆಟ 1979ರಲ್ಲಿ ಡೆಲ್ ಎಂಬ ಪ್ರಕಾಶನ ಕಂಪನಿಯ ಒಂದು ಪತ್ರಿಕೆಯಲ್ಲಿ 'ನಂಬರ್ ಪ್ಲೇಸ್' ಹೆಸರಲ್ಲಿ ಬಂತು. 1984ರಲ್ಲಿ ಜಪಾನಿನ ನಿಕೋಲಿ ಎಂಬ ಒಗಟು ಪ್ರಕಾಶನ ಸಂಸ್ಥೆ ಅದನ್ನು ತೆಗೆದುಕೊಂಡಿತು, ಅಲ್ಲಿಯ ರಚನಕಾರರು ಕೈಯಲ್ಲೇ ಹೆಣೆದರು, ಕೊಡುವ ಅಂಕಿಗಳನ್ನು ರಂಗೋಲಿ ಚುಕ್ಕಿ ಇಟ್ಟ ಹಾಗೆ ಎರಡೂ ಬದಿಗೆ ಸಮವಾಗಿ ಇಟ್ಟರು. ಹಾಂಗ್‌ಕಾಂಗ್‌ನಲ್ಲಿ ನ್ಯಾಯಾಧೀಶರಾಗಿದ್ದ ವೇಯ್ನ್ ಗೂಲ್ಡ್ ಸುಡೊಕು ಮಾಡುವ ಕಂಪ್ಯೂಟರ್ ಪ್ರೋಗ್ರಾಂ ಬರೆದು 2004ರ ನವೆಂಬರ್‌ನಲ್ಲಿ ಲಂಡನ್ನಿನ 'ದ ಟೈಮ್ಸ್'ಗೆ ತಲುಪಿಸಿದ ಮೇಲೆಯೇ ಅದು ಪ್ರಪಂಚದ ಪತ್ರಿಕೆಗಳಿಗೆಲ್ಲ ಹಬ್ಬಿದ್ದು. ಕಂಪ್ಯೂಟರ್ ಇಲ್ಲದಿದ್ದರೆ ಮಂಡ್ಯದ ರೈಲಿನವರೆಗೆ ಬರುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಕೈಯಲ್ಲಿ ಹೆಣೆದ ಒಂದು ಸುಡೊಕುವಿನಲ್ಲಿ ರಚಿಸಿದವರ ಮನಸ್ಸು ಕಾಣುತ್ತದೆ. ಇದು ಪದಬಂಧ ಬಿಡಿಸುವವರಿಗೆ ಗೊತ್ತು. ಯಾರೋ ಕೂತು ಯೋಚಿಸಿ ಸುಳಿವು ಬರೆದದ್ದಕ್ಕೂ, ಸುಮ್ನೆ ಜಾಗ ತುಂಬಿಸಿದ್ದಕ್ಕೂ ಇರುವ ವ್ಯತ್ಯಾಸ ಮೊದಲ ಎರಡು ಸುಳಿವಿಗೇ ತಿಳಿಯುತ್ತದೆ.

ಕೈಯಲ್ಲಿ ಮಾಡುವವರು ನಮ್ಮ ದೇಶದಲ್ಲೇ ಇದ್ದಾರೆ. ವಿಶ್ವ ಸುಡೊಕು ಚಾಂಪಿಯನ್‌ಶಿಪ್ 2008ರಲ್ಲಿ ಗೋವಾದಲ್ಲಿ ನಡೆಯಿತು. 2017ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು! ಆ ಪಂದ್ಯಗಳಲ್ಲಿ ಸುತ್ತಿನ ಮೇಲೆ ಸುತ್ತು ಇಂಥ ಹೊಸ ಬಗೆಗಳೇ ಇರುತ್ತವೆ. ನಾನು ದಿನಾ ಬಂದು ಹೋಗುವ ಊರಿನಲ್ಲಿ ಅದು ನಡೆದದ್ದು ನನಗೆ ತಿಳಿದದ್ದು ಎರಡು ವರ್ಷ ಆದ ಮೇಲೆ, ಅದೂ ಆ ಕಾಲೇಜು ಹುಡುಗನ ಬಾಯಲ್ಲಿ. ಆ ಪಂದ್ಯಗಳಿಗೆ ತಯಾರಾಗುವ, ಅವಕ್ಕೆ ಸುಡೊಕು ರಚಿಸುವ ಭಾರತದವರನ್ನು ನೀವು ಕೇಳಿದರೆ ಒಬ್ಬರಾದರೂ ಬರೆದುಕೊಡಲು ಮುಂದೆ ಬರುತ್ತಾರೆ ಅಂತ ನನ್ನ ನಂಬಿಕೆ.

ಹಾಕುವುದಾದರೆ ಒಂದೆರಡು ವಿಷಯಕ್ಕೆ ಗಮನ ಕೊಡಿ. ಮೊದಲನೆಯದು, ಅಚ್ಚಿಗೆ ಕೊಡುವ ಮುಂಚೆ ಯಾರಾದರೂ ಒಬ್ಬರು ಕೂತು ಬಿಡಿಸಿ ನೋಡಲಿ. ಕೆಲವು ವರ್ಷದ ಹಿಂದೆ ಬೇರೊಂದು ಪತ್ರಿಕೆಯಲ್ಲಿ, ಹೆಸರು ಬೇಡ, ಒಂದು ಸುಡೊಕು ಬಂದಿತ್ತು. ಎಲ್ಲ ಮುಗಿದು ಕೊನೆಗೆ ನಾಲ್ಕು ಮನೆ ಉಳಿದವು. 4 ಮತ್ತು 5ನೇ ಸಾಲು, 2 ಮತ್ತು 8ನೇ ಕಾಲಂ. ನಾಲ್ಕರಲ್ಲೂ 3 ಇಲ್ಲವೇ 8. ಹೀಗೆ ಹಾಕಿದರೂ ಸರಿ, ತಿರುಗಿಸಿ ಹಾಕಿದರೂ ಸರಿ. ನಾನು ಎಲ್ಲೋ ತಪ್ಪಿದ್ದೇನೆ ಅಂದುಕೊಂಡು ಮೂರು ಸಲ ಮೊದಲಿಂದ ಬಿಡಿಸಿದೆ, ಅವತ್ತು ಇಡೀ ದಿನ ಕೆಲಸದಲ್ಲೂ ಅದೇ ಗುಂಗು. ಮಾರನೇ ದಿನ ಎರಡರಲ್ಲಿ ಒಂದನ್ನು ಉತ್ತರ ಅಂತ ಹಾಕಿದ್ದರು. ಎರಡು ಉತ್ತರ ಇರುವುದು ಸುಡೊಕುವೇ ಅಲ್ಲ. ನಾನು ಪತ್ರ ಬರೆದೆ, ಮರುಮಾತು ಬರಲಿಲ್ಲ. ಹೊಸ ಬಗೆಗಳಲ್ಲಿ ಒಂದು ಗೆರೆ ಬಿಟ್ಟುಹೋದರೂ, ಒಂದು ಮೊತ್ತ ತಪ್ಪಿ ಅಚ್ಚಾದರೂ ಇಡೀ ಚೌಕ ಕೆಡುತ್ತದೆ. ಹಾಗಾಗಿ ಇದು ಇನ್ನೂ ಜಾಸ್ತಿ ಮುಖ್ಯ.

ಎರಡನೆಯದು, ಅಳತೆ. ಈಗಿನ ಸುಡೊಕು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಕಿಲ್ಲರ್‌ನಲ್ಲಿ ಮೂಲೆಯಲ್ಲಿ ಮೊತ್ತ ಇರಬೇಕು, ನಾವು ಸಣ್ಣ ಅಂಕಿ ಬರೆದುಕೊಳ್ಳಬೇಕು, ರೈಲು ಕುಲುಕುತ್ತದೆ, ಪೇಪರ್ ತೆಳು. ಕಡೇಪಕ್ಷ ಅಂಗೈ ಅಗಲ ಇರಲಿ. ಬಣ್ಣ ಬೇಕಿಲ್ಲ, ಗೆರೆಗೆ ತಿಳಿ ಬೂದು ಸಾಕು. ಚುಕ್ಕೆಗೆರೆ ಮಾತ್ರ ಮಸಿ ಹರಡಿ ಮಾಯ ಆಗದ ಹಾಗೆ ನೋಡಿಕೊಳ್ಳಿ.

ಮತ್ತೆ ಉತ್ತರ ಹಾಕುವಾಗ ಬರೀ ತುಂಬಿದ ಚೌಕ ಹಾಕಬೇಡಿ. ಎಲ್ಲಿಂದ ಶುರು ಮಾಡಬೇಕಿತ್ತು ಅಂತ ನಾಲ್ಕು ಸಾಲು ಬರೆಯಿರಿ. ಬಿಡಿಸಲಾಗದೆ ಅರ್ಧಕ್ಕೆ ಬಿಟ್ಟವರು ಮುಂದಿನ ವಾರ ಮತ್ತೆ ಪೆನ್ನು ಹಿಡಿಯುವುದು ಆ ನಾಲ್ಕು ಸಾಲಿನಿಂದ.

ನಿಯಮಗಳನ್ನು ಕನ್ನಡದಲ್ಲಿ ಬರೆಯುವವರು ಯಾರು ಅನ್ನುವುದು ತೊಡಕಾದರೆ, ಮೊದಲ ಕೆಲವು ವಾರ ನಾನೇ ಬರೆದುಕೊಡುತ್ತೇನೆ. ಅಚ್ಚಿಗೆ ಮುಂಚೆ ಬಿಡಿಸಿ ನೋಡಿ ಕಳಿಸುವುದಕ್ಕೂ ಸಿದ್ಧ, ಅದಕ್ಕೆ ಏನೂ ಕೊಡಬೇಕಿಲ್ಲ. ಕಂಡಕ್ಟರ್ ಹಿರಿಯರಿಗೆ ಈ ಪತ್ರ ಓದಿ ಹೇಳಿದೆ. ಬರೆದ ನಿಯಮ ಮೊದಲು ತಮಗೆ ತೋರಿಸಬೇಕು, ತಮಗೆ ಅರ್ಥ ಆದರೆ ಎಲ್ಲರಿಗೂ ಆಗುತ್ತದೆ ಅಂದಿದ್ದಾರೆ.

ಇಂತಿ,
ಮಂಡ್ಯದ ಒಬ್ಬ ಓದುಗಾರ್ತಿ